ಯಂಕೋಬನ ಕಾರಿನ ಕೆಂಪು ದೀಪ

ಕುಷ್ಟಗಿಯ ನೀರಾವರಿ ಆಫೀಸಿನ ಗುಮಾಸ್ತ ಯಂಕೋಬ ಹಳೇ ಕಾರೊಂದನ್ನು ಕೊಂಡು ತಿಂಗಳು ತುಂಬಿರಲಿಲ್ಲ. ಅವತ್ತು ಮುಂಜಾನೆ ಗಾಡಿ ಚಾಲೂ ಮಾಡಿದರೆ, ಸ್ಟೇರಿಂಗಿನ ಹಿಂದೆ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಮದುವೆಮನೆಯ ಅಡುಗೆಕೋಣೆಗೆ ಇಣುಕಿ ಇಣುಕಿ ಹೋಗುವ ಹಸಿದ ನೆಂಟನ ಹಾಗೆ.

ಬೇರೆ ದಿನವಾಗಿದ್ದರೆ ಗಾಡಿ ಬಿಟ್ಟು ಬಸ್ ಹತ್ತುತ್ತಿದ್ದ. ಅವತ್ತು ಹಾಗೆ ಮಾಡುವಂತಿರಲಿಲ್ಲ. ಹೆಂಡತಿ ಅಂಜಲಿ ಚೊಚ್ಚಲ ಬಾಣಂತನಕ್ಕೆ ಶ್ರೀರಾಮನಗರದ ತವರಿಗೆ ಹೋಗಿದ್ದಳು. ಮೊಮ್ಮಗಳನ್ನು ಬಸ್ಸಿನಲ್ಲಿ ಕಳಿಸುವುದಿಲ್ಲವೆಂದು ಅತ್ತೆ ಮುದಕಮ್ಮ ಹಟ ಹಿಡಿದದ್ದಕ್ಕೇ ಆ ಕಾರು ಮನೆಗೆ ಬಂದದ್ದು. ನಾಳೆ ಮಣ್ಣೆತ್ತಿನ ಅಮಾಸಿ, ಅದರ ಬೆನ್ನಿಗೆ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸದ ಆಷಾಢ. ಇವತ್ತು ಹೊತ್ತು ಮುಳುಗುವುದರೊಳಗೆ ತಾಯಿ ಮಗಳನ್ನು ಕರಕೊಂಡು ಹೊರಟರೆ ಸರಿ. ಇಲ್ಲವಾದರೆ ಶ್ರಾವಣದವರೆಗೆ ಯಂಕೋಬನಿಗೆ ಅವನೇ ಮಾಡಿದ ಅನ್ನ, ಅವನೇ ಮಾಡಿದ ಸಾರು. ಆ ಸಾರನ್ನು ಓಣಿಯ ನಾಯಿ ಸಹ ಮೂಸಿ ನೋಡಿ ಮುಂದೆ ಹೋಗಿತ್ತು.

ಬಾನೆಟ್ ಎತ್ತಿದ್ದೇ ತಪ್ಪಾಯಿತು. ಎದುರುಮನೆಯ ಹುಚ್ಚೀರಪ್ಪ ಬಂದ. ಬಸ್ ಕಂಡಕ್ಟರನಾಗಿ ರಿಟೈರಾದವನು. ಜೀವಮಾನವಿಡೀ ಡ್ರೈವರನ ಬೆನ್ನು ನೋಡಿದ್ದರಿಂದ ಎಂಜಿನ್ ವಿದ್ಯೆ ತನಗೆ ತಾನಾಗಿ ಬಂದಿದೆ ಎಂದು ನಂಬಿದ್ದ. ಅವನ ಬೆನ್ನಿಗೇ ಕರೆಂಟಿನ ಲೈನ್‌ಮನ್ ಗಾಳೇಶ. ಕಂಬ ಹತ್ತುವವನಿಗೆ ಕಾರು ಯಾವ ಲೆಕ್ಕ?

ಬ್ಯಾಟರಿಗೆ ನೀರು ಕಮ್ಮಿಯಾಗಿದೆ ಎಂದ ಹುಚ್ಚೀರಪ್ಪ. ವಾಯರು ಸಡಿಲಾಗಿದೆ ಎಂದ ಗಾಳೇಶ. ಒಬ್ಬ ನೀರು ಹೊಯ್ದ, ಇನ್ನೊಬ್ಬ ಸ್ಕ್ರೂಡ್ರೈವರಿನಿಂದ ಕೆರೆದು ಕೊಬ್ಬರಿ ಎಣ್ಣೆ ಸವರಿದ. ಬಾಣಂತಿಗೆ ಎರೆದ ಹಾಗೆ ಬ್ಯಾಟರಿಗೆ ಎಣ್ಣೆ ನೀರು ಎರೆದದ್ದಾಯಿತು. ದೀಪ ಮಿಣಕುತ್ತಲೇ ಇತ್ತು. ಹಾಗಾದರೆ ಗ್ಯಾರೇಜಿಗೆ ಒಯ್ಯುತ್ತೇನೆ ಎಂದು ಯಂಕೋಬ ಮೆಲ್ಲಗೆ ಅಂದ.

“ಗ್ಯಾರೇಜಿಗೆ ಒಯ್ಯಾಕ ನಾವಿಬ್ರು ಸತ್ತೀವೇನು?” ಎಂದ ಹುಚ್ಚೀರಪ್ಪ. “ನಿಮ್ಮತ್ತಿ ಊರತನಕ ಜೊತಿಗೆ ಬರ್ತೀವಿ ನಡಿ. ದಾರ್ಯಾಗ ನಿಂತರ ನೋಡಾಕ ತಿಳದವರು ಬೇಕಲ್ಲೋ ತಮ್ಮಾ.”

ಮುದಕಮ್ಮ ಕಳಿಸುತ್ತಿದ್ದ ಹೋಳಿಗೆಯ ರುಚಿ ಓಣಿಗೆಲ್ಲ ಗೊತ್ತಿದ್ದ ಸಂಗತಿ.

ದಾರಿಯುದ್ದಕ್ಕೂ ಹುಚ್ಚೀರಪ್ಪ ದೀಪದ ಮೇಲೆ ಕಣ್ಣು ನೆಟ್ಟು ಕುಳಿತ. ಊರಿಗೊಂದು ರೋಗ ಹೇಳಿದ. ತಾವರಗೇರಾದಲ್ಲಿ ಡೈನಮೊ ಸುಟ್ಟಿತ್ತು, ಕನಕಗಿರಿಗೆ ಬರುವಷ್ಟರಲ್ಲಿ ಅದು ಬರೀ ಬಲ್ಬಿನ ದೋಷವಾಗಿತ್ತು. ಬ್ಯಾಟರಿ ಉಳಿಯಬೇಕೆಂದರೆ ಹಾರ್ನ್ ಹೊಡೆಯಬಾರದೆಂದು ಗಾಳೇಶನ ಅಪ್ಪಣೆ. ಕುರಿ ಹಿಂಡು ಅಡ್ಡ ಬಂದಾಗ ಅವನೇ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. ಕುರಿಗಳು ಸರಿಯಲಿಲ್ಲ, ನಿಂತು ಅವನನ್ನೇ ನೋಡಿದವು.

ಅಂತೂ ಊಟದ ಹೊತ್ತಿಗೆ ಕಾರು ಅತ್ತೆಯ ಅಂಗಳ ಮುಟ್ಟಿತು. ಗಡಿಬಿಡಿಯಲ್ಲಿ ಕ್ಲಚ್ ಬಿಟ್ಟದ್ದಕ್ಕೆ ಎಂಜಿನ್ ತಾನೇ ಗಕ್ಕನೆ ಬಂದ್ ಆಯಿತು. ಯಂಕೋಬ ಚಾವಿ ತೆಗೆಯಲು ಹೋದರೆ ಹುಚ್ಚೀರಪ್ಪ ಕೈ ಹಿಡಿದ.

“ತಡಿ, ಚಾವಿ ತಗೀಬ್ಯಾಡ. ಇಲ್ಲಿ ನೋಡು, ಮಿಣಕೂದು ನಿಂತೈತಿ. ರೋಗ ಹೋತು.”

ಎಂಜಿನ್ ಬಂದ್ ಆಗಿ ಚಾವಿ ಹಾಗೇ ಬಿಟ್ಟರೆ ಯಾವ ಕಾರಿನಲ್ಲೂ ಆ ದೀಪ ನಿಚ್ಚಳವಾಗಿ ಹತ್ತಿಯೇ ಇರುತ್ತದೆ, ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಇಷ್ಟು ಯಂಕೋಬನಿಗೂ ಗೊತ್ತಿತ್ತು. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮುದಕಮ್ಮ ಆರತಿ ತಟ್ಟೆ ಹಿಡಿದು ಬಂದು ಒಳಗೆ ಬಗ್ಗಿ ನೋಡಿದಳು.

“ಮಗಳನ್ನ ಕಳಸೂ ದಿನ ದೀಪ ಹೆಂಗ ಅಲಗಾಡದಂಗ ನಿಂತೈತಿ ನೋಡ್ರಿ. ಆಕಿ ಹೊಸ್ತಿಲ ದಾಟೂತನಕ ಆರಸಬ್ಯಾಡ್ರಿ.”

“ಅತ್ತಿ, ಅದು ದೇವರ ದೀಪ ಅಲ್ರಿ, ಬ್ಯಾಟರಿದು...”

“ದೀಪಕ್ಕೂ ಜಾತಿ ಐತೇನ್ರಿ ಅಳಿಯಂದಿರ?”

ತಿಳಿದವರಿಬ್ಬರೂ ಹೌದೌದು ಎಂದರು. ಹೋಳಿಗೆಯ ವಾಸನೆ ಆಗಲೇ ಅಂಗಳಕ್ಕೆ ಬಂದಿತ್ತು. ದೀಪದ ಮೇಲೆ ಕುಂಕುಮ ಬಿತ್ತು, ಸ್ಟೇರಿಂಗಿಗೆ ಹೂವು ಬಂತು, ಚಾವಿ ಇದ್ದಲ್ಲೇ ಉಳಿಯಿತು.

ಊಟವೆಂದರೆ ಊಟ. ಹುಚ್ಚೀರಪ್ಪ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡ, ಸಾಲದೆ ತುಪ್ಪದ ಮೇಲೆ ಹೋಳಿಗೆ ಹಾಕಿಸಿಕೊಂಡ. ಗಾಳೇಶ ಉಂಡ ಜಾಗದಲ್ಲೇ ಕಾಲು ಚಾಚಿ ಗೊರಕೆ ಹೊಡೆದ. ಯಂಕೋಬ ಎರಡು ಸಲ ಎದ್ದು ಕಾರಿನ ಕಡೆ ಹೊರಟ, ಎರಡು ಸಲವೂ ಮುದಕಮ್ಮ ಕಣ್ಣಲ್ಲೇ ಕೂಡಿಸಿದಳು. ಅಂಜಲಿಯ ಉಡಿ ತುಂಬಿ, ಕೂಸಿಗೆ ದೃಷ್ಟಿ ತೆಗೆದು, ಎಲ್ಲರೂ ಹೊರಗೆ ಬರುವಷ್ಟರಲ್ಲಿ ಹೊತ್ತು ವಾಲಿತ್ತು.

ಅಂಜಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕುಳಿತಳು. ಯಂಕೋಬ ಚಾವಿ ತಿರುಗಿಸಿದ. ಟಕ್ ಎಂದಿತು, ಅಷ್ಟೇ. ಕುಂಕುಮದ ಕೆಳಗೆ ದೀಪದ ಸುಳಿವಿರಲಿಲ್ಲ. ಮೂವರೂ ಕಾಲುವೆ ದಂಡೆಯ ತನಕ ನೂಕಿದರು. ಹೋಳಿಗೆ ತುಂಬಿದ ಹೊಟ್ಟೆಗಳು ಏದುಸಿರು ಬಿಟ್ಟವೇ ಹೊರತು ಕಾರು ಉಸಿರು ಬಿಡಲಿಲ್ಲ, ನೀರಿಗಿಳಿದ ಎಮ್ಮೆಯ ಹಾಗೆ ಕೂತುಬಿಟ್ಟಿತು. ಅಷ್ಟರಲ್ಲಿ ಸೂರ್ಯ ಮುಳುಗಿದ.

ಮುದಕಮ್ಮ ಬಂದು ಕೂಸನ್ನು ಎತ್ತಿಕೊಂಡಳು. “ದೀಪ ತಾನ ಆರೈತಿ. ಇನ್ನ ಶ್ರಾವಣಕ್ಕ ಬರ್ರಿ.”

ಗಂಗಾವತಿಯಿಂದ ಬಸ್ಸಿನಲ್ಲಿ ಮೂವರೂ ವಾಪಸು ಹೊರಟರು. ಬ್ಯಾಟರಿಯೇ ಹೋಗಿದೆ ಎಂದು ತಾನು ಮುಂಜಾನೆಯೇ ಹೇಳಿರಲಿಲ್ಲವೇ ಎಂದು ಹುಚ್ಚೀರಪ್ಪ ಕುಷ್ಟಗಿಯವರೆಗೆ ಕೇಳುತ್ತಲೇ ಬಂದ.

ಮರುದಿನ ಮುಂಜಾನೆ ಯಂಕೋಬ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದಾಗ ಅಂಜಲಿಯ ಫೋನ್ ಬಂತು. ಡೈನಮೊ ತಿರುಗಿಸುವ ಬೆಲ್ಟ್ ಸಡಿಲಾಗಿತ್ತಂತೆ. ಅವಳ ತಮ್ಮ ಗ್ಯಾರೇಜಿನ ಮೇಸ್ತ್ರಿಯನ್ನು ಕರೆಸಿ ಬಿಗಿ ಮಾಡಿಸಿ, ಬ್ಯಾಟರಿಗೆ ರಾತ್ರಿಯೆಲ್ಲ ಚಾರ್ಜ್ ಹಾಕಿಸಿದ್ದನಂತೆ. ಕಾರೀಗ ಕುದುರೆ ಹಾಗೆ ಓಡುತ್ತಿದೆಯಂತೆ. ಯಂಕೋಬನಿಗೆ ಹೋದ ಜೀವ ಬಂತು.

“ಹಂಗಾರ ಗಾಡಿನರ ಒಯ್ಯಾಕ ಇವತ್ತ ಬರ್ತೀನಿ.”

ಆಚೆ ಅಂಜಲಿ ತಾಯಿಯನ್ನು ಕೇಳಿದಳು. ಎಂಜಿನ್ ಸದ್ದಿನ ನಡುವೆ ಮುದಕಮ್ಮ ಏನೋ ಹೇಳಿದಳು.

“ಅವ್ವ ಬ್ಯಾಡಂತಾಳ್ರಿ. ಗಾಡಿ ನಿಮ್ಮ ಮನಿ ತುಂಬಿ ಇನ್ನಾ ವರ್ಷ ಆಗಿಲ್ಲಲ್ಲ, ಮೊದಲನೇ ಆಷಾಢ ಗಂಡನ ಮನ್ಯಾಗ ಇರಬಾರದಂತ. ನಾವೀಗ ಅದರಾಗ ಹುಲಿಗಿ ಗುಡಿಗೆ ಹೊಂಟೀವಿ. ಶ್ರಾವಣದಾಗ ನನ್ನ ಜೊತಿನ ಬರ್ತೈತಿ ಬಿಡ್ರಿ.”