ಖಾಲಿ ಮನೆಯ ಮುಂದೆ ಕೆಮ್ಮುವ ಮಾವ

ನನ್ನ ಸೋದರಮಾವ ಮೀಸೆ ಚಿಗುರಿದಾಗಿನಿಂದ ಹೋದ ಬೇಸಿಗೆಯವರೆಗೆ ಒಂದೇ ಒಂದು ಖಾಲಿ ಕೋಣೆಯನ್ನು ನೋಡಿದವರಲ್ಲ ಎಂದರೆ ನೀವು ನಂಬುವುದಿಲ್ಲ. ಮಾನ್ವಿಯಲ್ಲಿರುವ ತಮ್ಮ ಮನೆಗೆ ತಾವೇ ಬೀಗ ಹಾಕಿ ಊರಿಗೆ ಹೋಗಿ ಬಂದು, ತಾವೇ ಆ ಬೀಗ ತೆಗೆದು, ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಾರೆ. ಸ್ವಲ್ಪ ಕಾಯುತ್ತಾರೆ. ಆಮೇಲೆ ಯಾರಿಗೋ ದಾರಿ ಬಿಟ್ಟವರಂತೆ ಪಕ್ಕಕ್ಕೆ ಸರಿದು ಒಳಗೆ ಕಾಲಿಡುತ್ತಾರೆ! ಹೆಂಗಸರಿರುವ ಮನೆಗೆ ಹೋಗುವಾಗ ಗಂಡಸರು ಕೆಮ್ಮಿ ಸೂಚನೆ ಕೊಡುವುದು ನಮ್ಮ ಕಡೆಯ ಪದ್ಧತಿ, ಸರಿ. ಯಾರೂ ಇಲ್ಲದ ಮನೆಯ ಮುಂದೆಯೂ ಕೆಮ್ಮಬೇಕೇ?

ಇದಕ್ಕೆಲ್ಲ ಕಾರಣ ದೇವದುರ್ಗದ ಕಡೆಯ ಒಬ್ಬ ತಾತ. ನಮ್ಮಲ್ಲಿ ಗುರುಗಳನ್ನು ತಾತ ಎನ್ನುತ್ತಾರೆ. ಹರೆಯದಲ್ಲಿ ಮಾವ ಕಾಲಿಗೆ ಬಿದ್ದಾಗ ಅವರು ಬೆನ್ನ ಮೇಲೆ ಕೈಯಿಟ್ಟು, "ನೀ ಎಲ್ಲಿಗೆ ಹೋದ್ರೂ ನಿನಗಿಂತ ಮೊದ್ಲ ನಾ ಅಲ್ಲಿ ಇರ್ತೀನಿ" ಎಂದರಂತೆ. ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು, ಪ್ರಸಾದ ತಿಂದು, ಮರೆತುಬಿಡುತ್ತಿದ್ದರು. ಮಾವ ಅದನ್ನು ಅಕ್ಷರಶಃ ನಂಬಿದರು. ತಾತ ದೇಹ ಬಿಟ್ಟು ಎಷ್ಟೋ ವರ್ಷಗಳಾದವು. ಆದರೂ ಹಿರಿಯರು ಒಳಗಿರುವಾಗ ಹೇಳದೆ ಕೇಳದೆ ನುಗ್ಗುವುದುಂಟೇ? ಬಚ್ಚಲಿನ ಮುಂದಂತೂ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಹಳ ಹೊತ್ತು ನಿಲ್ಲುತ್ತಾರೆ.

"ತಾತಂದು ಜಳಕ ಇನ್ನಾ ಮುಗಿದಿಲ್ಲ," ಎನ್ನುತ್ತಾರೆ.

ಅತ್ತೆಯ ದೂರು ಬೇರೆ. "ನಾ ಒಳಗ ಇದ್ರ ಸುಮ್ನ ಬರ್ತಾರ. ನಾ ಇಲ್ಲದಾಗ ಕೆಮ್ತಾರ. ಈ ಮನ್ಯಾಗ ಇದ್ದಾವ್ರಿಗೆ ಕಿಮ್ಮತ್ತಿಲ್ಲಪಾ!"

ನಗಬೇಡಿ, ಆ ಮನೆಯ ಬೆಕ್ಕಿಗೂ ಇದೇ ಚಾಳಿ. ಹೊಸ್ತಿಲಲ್ಲಿ ನಿಂತು ಒಮ್ಮೆ ಮಿಯಾಂವ್ ಎಂದು, ಒಂದಿಷ್ಟು ಕಾದು, ಆಮೇಲೆ ಒಳಗೆ ಹೋಗುತ್ತದೆ. ಅದಕ್ಕೆ ಯಾರು ಕಲಿಸಿದರೋ!

ಒಮ್ಮೆ ನಾನೂ ಜೊತೆಗಿದ್ದಾಗ ಎಟಿಎಂ ಮುಂದೆ ಮಾವ ಕೆಮ್ಮಿ ನಿಂತುಬಿಟ್ಟರು.

"ಹೋಗ್ರಲಾ ಸಾಬ್, ಒಳಗ ಯಾರೂ ಇಲ್ಲ," ಎಂದರು ಹಿಂದಿದ್ದ ಬಾಳೆಹಣ್ಣಿನ ವ್ಯಾಪಾರಿ ಚಾಚಾ.

"ಅದಾರ. ಮಶೀನಿಗೆ ಬೆನ್ನು ಹಚ್ಚಿ ನಿಂತಾರ. ನಮ್ಮನ್ನೇ ನೋಡಾಕತ್ತಾರ."

ಚಾಚಾ ಗಾಜಿನೊಳಗೆ ಇಣುಕಿದರು. ಅವರ ಮುಖದ ಬಣ್ಣವೇ ಬದಲಾಯಿತು. "ಯಾ ಅಲ್ಲಾ!" ಎಂದು ಹಣ ತೆಗೆಯದೆ ಹೊರಟೇ ಹೋದರು. ನನಗೆ ನಗು ಬಂತು. ಆದರೆ ಏನು ನೋಡಿದಿರಿ ಎಂದು ಕೇಳುವ ಧೈರ್ಯ ಇವತ್ತಿನವರೆಗೂ ಬಂದಿಲ್ಲ.

ಹೋದ ಬೇಸಿಗೆಯಲ್ಲಿ ಮಾವನ ಹೃದಯ ಕೈಕೊಟ್ಟಿತು. ರಾಯಚೂರಿನ ಆಸ್ಪತ್ರೆಗೆ ಕರೆದೊಯ್ಯಲು ಕಾರಿನಲ್ಲಿ ಕೂರಿಸಿದರೆ, ಅಷ್ಟು ನೋವಿನಲ್ಲೂ ಮನೆಯ ಕಡೆ ತಿರುಗಿ, "ತಾತಾ, ನಾವು ಬರೂತನಾ ಮನಿ ಕಡೆ ಲಕ್ಷ್ಯ ಇರ್ಲಿ" ಎಂದರು! ಕೂಡಲೇ ಆಪರೇಶನ್ ಆಗಬೇಕು, ಆದರೂ ಭರವಸೆ ಕಡಿಮೆ ಎಂದರು ಡಾಕ್ಟರು. ಥಿಯೇಟರಿನ ಬಾಗಿಲಲ್ಲಿ ಮಾವ ಸ್ಟ್ರೆಚರ್ ನಿಲ್ಲಿಸಲು ಹೇಳಿ, ಮಲಗಿದಲ್ಲೇ ಕೆಮ್ಮಿದರು. ಕಾದರು. ನೋಡನೋಡುತ್ತ ಅವರ ಮುಖ ಬಿಳಿಚಿಕೊಂಡಿತು.

"ಅಳಿಯಾ," ಎಂದರು, "ಒಳಗ ಯಾರೂ ಇಲ್ಲೋ. ಖಾಲಿ ಅದ."

ಬಾಗಿಲು ಮುಚ್ಚಿತು.

ಅತ್ತೆ ಕಣ್ಣೊರೆಸಿಕೊಂಡು ಮನೆಯ ಕೀಲಿ ಕೊಟ್ಟು, ದೇವರ ಕೋಣೆಯಿಂದ ತಾತನ ವಿಭೂತಿ ತರಲು ನನ್ನನ್ನು ಕಳಿಸಿದರು. ಮಾನ್ವಿ ತಲುಪಿದಾಗ ಮಟಮಟ ಮಧ್ಯಾಹ್ನ. ಓಣಿಯಲ್ಲಿ ನರಪಿಳ್ಳೆ ಇಲ್ಲ. ಬೀಗ ತೆಗೆದೆ. ನನಗೇನಾಗಿತ್ತೋ, ಬಾಗಿಲಲ್ಲಿ ನಿಂತು ಕೆಮ್ಮಿದೆ.

ಒಳಗೆ ಯಾರೋ ಗಂಟಲು ಸರಿಮಾಡಿಕೊಂಡರು.

ಬೆಕ್ಕೇ? ಬೆಕ್ಕು ನನ್ನ ಕಾಲ ಬಳಿಯೇ ನಿಂತು ಒಳಗೆ ನೋಡುತ್ತಿತ್ತು. ಓಡಿಹೋಗಬೇಕಿತ್ತು, ನಿಜ. ಆದರೆ ಎಲ್ಲಿಂದಲೋ ಸಿಟ್ಟು ಉಕ್ಕಿತು ನೋಡಿ!

"ತಾತಾ, ಇಲ್ಲೇನ್ ಮಾಡಾಕತ್ತೀರಿ? ಅವ್ರು ಮನಿ ನೋಡ್ರಿ ಅಂದ್ರ ನೀವು ಇಲ್ಲೇ ಕುಂದ್ರೂದೇನ್ರಿ? ಕಳ್ಳರು ಒಯ್ಯಾಕ ಈ ಮನ್ಯಾಗ ಏನದ? ಅಲ್ಲಿ ಮಾವ ಒಬ್ರೇ ಅದಾರ. ಮೊದ್ಲ ನಡೀರಿ!"

ಹೀಗೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಬೆಕ್ಕು ಮೆಲ್ಲಗೆ ಕತ್ತು ತಿರುಗಿಸುತ್ತ, ಯಾರನ್ನೋ ಓಣಿಯ ತುದಿಯವರೆಗೆ ನೋಡಿತು. ಆಮೇಲೆ ಮಿಯಾಂವ್ ಎನ್ನದೆ ಸೀದಾ ಒಳಗೆ ಹೋಯಿತು.

ಮರುದಿನ ಮಾವ ಕಣ್ಣು ಬಿಟ್ಟರು. ನಾನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂರಲು ಹೋದರೆ ಕೈ ಅಡ್ಡ ತಂದರು.

"ತಾತಗ ಬೈದು ಕಳಿಸಿದಿಯಂತ?"

ನಾನದನ್ನು ಯಾರಿಗೂ ಹೇಳಿರಲಿಲ್ಲ, ಅತ್ತೆಗೂ.

"ಹಿರಿಯಾರಿಗೆ ಹಂಗ ಮಾತಾಡ್ತಾರೇನೋ?" ಎಂದು ಗದರಿದವರು, ಸೂಜಿ ಚುಚ್ಚಿದ ಕೈಯಿಂದಲೇ ನನ್ನ ಕೈ ಹಿಡಿದುಕೊಂಡರು. "ಚೊಲೊ ಮಾಡಿದಿ. ನಂಗ ಬಾಳ ಅಂಜಿಕಿ ಬಂದಿತ್ತಪಾ."

ಇಷ್ಟು ವರ್ಷ ಅವರನ್ನು ಆಡಿಕೊಂಡು ನಕ್ಕಿದ್ದವನು ನಾನು. ನೋಡುವವರ ಕಣ್ಣಿಗೆ ಖಾಲಿಯಾಗಿದ್ದ ಆ ಸ್ಟೂಲನ್ನು ಮುಟ್ಟದೆ, ನರ್ಸ್ ಬಂದು ಹೊರಗೆ ಕಳಿಸುವವರೆಗೂ ನಾನು ನಿಂತೇ ಇದ್ದೆ.