ಸಣ್ಣ ಕಣ್ಣಿನ ಸಾಣಿಗೆ

ಬಂದು ಉಂಡವರಿಂದ ಹಣಮೇಶನಿಗೆ ಎಂದೂ ತೊಂದರೆಯಾಗಿರಲಿಲ್ಲ. ತೊಂದರೆಯಾದದ್ದು ಬಾರದೆ ಹೋದ ಐವತ್ತು ಜನರಿಂದ.

ಬಾದಾಮಿಯ ಸಿದ್ದಲಿಂಗವ್ವನ ಖಾನಾವಳಿಯಲ್ಲಿ ಅವನು ಆರು ವರ್ಷಗಳಿಂದ ಗಲ್ಲಾದ ಮೇಲೆ ಕೂಡುತ್ತಿದ್ದ. ಗುಹೆಗಳನ್ನು ನೋಡಲು ಬರುವ ತಂಡಗಳು ಊಟಕ್ಕೆ ಮೊದಲೇ ಮೇಲ್ ಕಳಿಸುತ್ತಿದ್ದವು. ಅದನ್ನು ಓದಿ, ಎಷ್ಟು ಎಲೆ ಎಂದು ಅಡುಗೆಮನೆಗೆ ಕೂಗಿ ಹೇಳುವುದು ಅವನ ಕೆಲಸ. ಭಾನುವಾರ ಹಾಗೆಯೇ ‘ಐವತ್ತು ಜನ, ಅರ್ಜೆಂಟ್’ ಎಂದು ಒಂದು ಮೇಲ್ ಬಂತು. ಅಡುಗೆಯ ದುರಗವ್ವ ಬೆನ್ನು ಬಗ್ಗಿಸಿ ಇನ್ನೂರು ರೊಟ್ಟಿ ಬಡಿದಳು. ಕತ್ತಲಾಗುವವರೆಗೆ ಕಾದರೂ ಯಾರೂ ಬರಲಿಲ್ಲ. ಮೇಲ್ ಸುಳ್ಳಾಗಿತ್ತು.

ಸೋಮವಾರ ಬೆಳಿಗ್ಗೆ ಸಿದ್ದಲಿಂಗವ್ವ ವಿಭೂತಿ ಹಚ್ಚಿಕೊಂಡು, ಗೋಡೆಯ ಮೇಲಿದ್ದ ಗಂಡನ ಫೋಟೋಕ್ಕೆ ಕೈಮುಗಿದು, ಅದೇ ಉಸಿರಿನಲ್ಲಿ ಹಣಮೇಶನ ಕಡೆಗೆ ತಿರುಗಿದಳು.

“ಇನ್ನೊಮ್ಮೆ ಮೇಲ್‌ನಾಗ ತಪ್ಪಾತಂದ್ರ ಗಲ್ಲಾ ಬಿಟ್ಟು ಇಳಿ ಹಣಮ್ಯಾ. ಇಲಕಲ್ಲಾಗ ನನ್ನ ತಮ್ಮನ ಮಗ ಖಾಲಿ ಕುಂತಾನ, ಅವನ್ನ ಕರಸ್ತೇನಿ.”

ಹೀಗೆಂದು ಅವಳು ಬನಶಂಕರಿ ಗುಡಿಗೆ ಹೋದಳು. ಹಣಮೇಶ ತಲೆ ಎತ್ತಿ ಫ್ಯಾನು ನೋಡಿದ. ಇಡೀ ಖಾನಾವಳಿಯಲ್ಲಿ ತಿರುಗುವ ಫ್ಯಾನು ಗಲ್ಲಾದ ಮೇಲಿನದೊಂದೇ. ಅವನ ಎದೆ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ ಇಳಿಯಿತು. ಪಕ್ಕದ ಕಂಪ್ಯೂಟರ್ ಅಂಗಡಿಯ ಖಾದರಬಾಷಾನನ್ನು ಕರೆತಂದ.

“ಇಷ್ಟಕ್ಕ ಅಳ್ತೀಯೇನಲೇ?” ಎಂದು ಖಾದರಬಾಷಾ ಫೋನನ್ನು ಕಸಿದುಕೊಂಡ. “ಫಿಲ್ಟರ್ ಹಾಕ್ತೇನಿ. ಅರ್ಜೆಂಟ್ ಅಂದ್ರ ಸ್ಪ್ಯಾಮಿಗೆ. ಇಪ್ಪತ್ತರ ಮ್ಯಾಲ ಜನ ಅಂದ್ರ ಸ್ಪ್ಯಾಮಿಗೆ. ಸುಳ್ಳ ಹೇಳಾವರು ಯಾವಾಗ್ಲೂ ದೊಡ್ಡದ ಹೇಳ್ತಾರ. ಇನ್ನ ನಿನಗ ಒಂದ ಸುಳ್ಳ ಮೇಲ್ ಬಂದ್ರ ನನ್ನ ಅಂಗಡಿ ಮುಚ್ಚತೇನಿ.”

ಹಿಟ್ಟು ಸಾಣಿಸುತ್ತಿದ್ದ ದುರಗವ್ವ ಕೈ ನಿಲ್ಲಿಸಿದಳು. “ತಮ್ಮಾ, ಸಾಣಿಗಿ ಕಣ್ಣ ಭಾಳ ಸಣ್ಣ ಮಾಡಿದ್ರ ಹೊಟ್ಟಿನ ಸಂಗಾಟ ಹಿಟ್ಟೂ ಮ್ಯಾಲ ಉಳಿತೈತಿ ನೋಡು.”

“ನೀ ರೊಟ್ಟಿ ನೋಡ ಯವ್ವಾ. ಇದು ಕಂಪ್ಯೂಟರ್,” ಎಂದ ಖಾದರಬಾಷಾ.

ಹನ್ನೊಂದರವರೆಗೆ ಫೋನು ಕೂಸಿನಂತೆ ಸುಮ್ಮನೆ ಮಲಗಿತ್ತು. ಹಣಮೇಶ ಫ್ಯಾನಿನ ಕೆಳಗೆ ತೂಕಡಿಸಿದ.

ಹನ್ನೆರಡಕ್ಕೆ ಬಾಗಿಲಲ್ಲಿ ಒಂದು ಬಸ್ಸು ನಿಂತಿತು. ಜನ ಇಳಿದರು, ಮತ್ತೂ ಇಳಿದರು, ಚೀಲದಿಂದ ಸುರಿದ ಜೋಳದಂತೆ ಇಳಿಯುತ್ತಲೇ ಇದ್ದರು. ಮುಂದಿದ್ದ, ತಲೆಗೆ ಪಟಗಾ ಸುತ್ತಿದ ಹಿರಿಯರು, “ಬೆಳಿಗ್ಗೆ ಮೇಲ್ ಮಾಡಿದ್ವಿ ನೋಡ್ರಿ. ಊಟ ತಯಾರ್ ಐತೇನ್ರಿ?” ಎಂದರು.

ಹಣಮೇಶ ಸ್ಪ್ಯಾಮ್ ತೆರೆದ. ಅಲ್ಲಿ ಕೂತಿತ್ತು: ‘ನಲವತ್ತೆಂಟು ಜನ. ಊಟಕ್ಕೆ ಬರುತ್ತೇವೆ. ಸೊಲ್ಲಾಪುರ.’

“ಸಿಕ್ಕೇತ್ರಿ, ನಿಮ್ಮ ಮೇಲ್ ಸಿಕ್ಕೇತಿ! ಕೂಡ್ರಿ, ಕೂಡ್ರಿ!” ಎಂದವನೇ ಒಳಗೆ ಓಡಿದ. “ದುರಗವ್ವಾ, ನಲವತ್ತೆಂಟ ಎಲಿ! ನಾ ಸತ್ತೆ!”

“ಸಾಯಬ್ಯಾಡ, ಎಲಿ ಹಾಸು,” ಎಂದಳು ದುರಗವ್ವ. ಬಾರದವರ ಇನ್ನೂರು ರೊಟ್ಟಿಗಳನ್ನು ಅವಳು ರಾತ್ರಿಯೇ ಹಂಚಿನ ಮೇಲೆ ಮತ್ತೆ ಬಿಸಿ ಮಾಡಿ, ಗರಿಗರಿ ಕಟಕ ರೊಟ್ಟಿಯಾಗಿಸಿ, ಬುಟ್ಟಿಯಲ್ಲಿ ಜೋಡಿಸಿಟ್ಟಿದ್ದಳು. ಶೇಂಗಾ ಹಿಂಡಿ ಇತ್ತು, ಗಡಿಗೆಯಲ್ಲಿ ಮೊಸರಿತ್ತು. ಖಾದರಬಾಷಾನೂ ತಪ್ಪಿತಸ್ಥನಂತೆ ಬಂದು ನೀರು ನೀಡಿದ. ಅಷ್ಟೂ ಬಾಯಿಗಳು ಒಮ್ಮೆಲೇ ರೊಟ್ಟಿ ಮುರಿದಾಗ, ಒಣ ಎಲೆಗಳ ಮೇಲೆ ಕುರಿಹಿಂಡು ನಡೆದಂತೆ ಸದ್ದಾಯಿತು.

ಸಿದ್ದಲಿಂಗವ್ವ ದೇವರ ಕುಂಕುಮದೊಂದಿಗೆ ತಿರುಗಿ ಬಂದವಳು ಬಾಗಿಲಲ್ಲೇ ನಿಂತಳು. ತುಂಬಿದ ಪಂಕ್ತಿ ನೋಡಿ ಅವಳ ಕಣ್ಣು ಗಂಡನ ಫೋಟೋದ ಕಡೆಗೆ ಹೋಯಿತು.

“ಅವರಿದ್ದಾಗ ಹಿಂಗ ತುಂಬತಿತ್ತು,” ಎಂದು ಮೆಲ್ಲಗೆ ಅಂದಳು. “ಶಾಣ್ಯಾ ಅದಿಯೋ ಹಣಮ್ಯಾ. ಗಲ್ಲಾ ನಿಂದ.”

ಹಣಮೇಶ ಫ್ಯಾನನ್ನು ಒಂದು ನಂಬರ್ ಜೋರು ಮಾಡಿದ.

ಅಷ್ಟರಲ್ಲಿ ಪಟಗಾದ ಹಿರಿಯರು ಕೈತೊಳೆದು ಬಂದರು. “ಭಾಳ ಛಲೋ ಊಟರಿ. ಕಲಬುರ್ಗಿಯಿಂದ ಬಂದಿದ್ದು ಸಾರ್ಥಕ ಆತು. ಬೀರಲಿಂಗಪ್ಪನವರ ಎಲ್ಲಿ ಅದಾರ್ರಿ? ಒಂದ ಮಾತ ಹೇಳಿ ಹೋಗ್ತೇವಿ.”

“ಬೀರಲಿಂಗಪ್ಪ ಇಲ್ಲ್ಯಾಕ ಇರ್ತಾರ್ರಿ?” ಎಂದ ಹಣಮೇಶ.

“ಅವರ ಖಾನಾವಳಿಗಿ ಅಲ್ಲೇನ್ರಿ ನಾವು ಮೇಲ್ ಮಾಡಿದ್ದು?”

ಹಣಮೇಶ ಉತ್ತರ ಕೊಡುವ ಮೊದಲೇ ಎದುರಿನ ಖಾನಾವಳಿಯ ಬೀರಲಿಂಗಪ್ಪ ಕೈಯಲ್ಲಿ ಸೌಟು ಹಿಡಿದು ರಸ್ತೆ ದಾಟಿದ. “ಲೇ ಹಣಮ್ಯಾ! ಐವತ್ತ ಎಲಿ ಹಾಸಿ ತಾಸಾತು, ನನ್ನ ಮಂದೀನ ಎತ್ತಿ ನಿನ್ನ ಮನ್ಯಾಗ ಕುಂದ್ರಿಸಿಯೇನಲೇ?”

ಅವನ ಹಿಂದೆಯೇ ಮತ್ತೊಂದು ಬಸ್ಸು ಹಾರ್ನ್ ಹಾಕಿತು. ಅದರ ಮುಂದೆ ‘ಸೊಲ್ಲಾಪುರ’ ಎಂದು ಬರೆದಿತ್ತು. ಬುಟ್ಟಿಯಲ್ಲಿ ಒಂದೂವರೆ ರೊಟ್ಟಿ ಉಳಿದಿತ್ತು.

ಹಣಮೇಶ ತಾನಾಗಿಯೇ ಗಲ್ಲಾದಿಂದ ಇಳಿದು ನಿಂತು, ಬೆಳಿಗ್ಗೆಯಿಂದ ಆದದ್ದನ್ನೆಲ್ಲ ಒಪ್ಪಿಕೊಂಡ. ಸಿದ್ದಲಿಂಗವ್ವ ಬೈಯಲಿಲ್ಲ. ಸೊಲ್ಲಾಪುರದವರಿಗೆ ಕೈಮುಗಿದು, “ನಮ್ಮ ಊಟ ಇವತ್ತ ಎದುರ ಮನ್ಯಾಗ ಐತ್ರಿ, ಬರ್ರಿ,” ಎಂದು ತಾನೇ ಕರೆದೊಯ್ದು ಬೀರಲಿಂಗಪ್ಪನ ಎಲೆಗಳ ಮುಂದೆ ಕೂಡಿಸಿದಳು. ಅವನ ಸೌಟು ತಣ್ಣಗಾಯಿತು. ಎರಡು ಬಸ್ಸಿನವರೂ ಹೊಟ್ಟೆ ತುಂಬ ಉಂಡು ಹೋದರು. ಊರಿಗೆ ಒಳ್ಳೆಯ ಹೆಸರೇ ಬಂತು.

ಸಂಜೆ ಅವಳು ಹಣಮೇಶನನ್ನು ಕರೆದಳು.

“ಆ ಫಿಲ್ಟರ್ ತೆಗಿ. ಸುಳ್ಳ ಹೇಳಿದವರ ರೊಟ್ಟಿ ಒಣಗಿದ್ರ ನಾಳಿಗಿ ಬರ್ತಾವ. ಖರೆ ಹೇಳಿದವರ ಹೊಟ್ಟಿ ಒಣಗಬಾರದು. ಇನ್ನ ಮ್ಯಾಲ ಬಂದ ಎಲ್ಲಾ ಮೇಲಿಗೂ ಅಡಗಿ ಆಗಬೇಕು.”

“ಗಲ್ಲಾ, ಅವ್ವಾರ?”

“ಗಲ್ಲಾ ನಿಂದ. ನಾ ಕೊಟ್ಟ ಮಾತ ತಿರುಗಿಸಂಗಿಲ್ಲ. ಆದ್ರ ದುರಗವ್ವ ಒಬ್ಬಾಕಿ ಎಷ್ಟಂತ ಬಡಿತಾಳ? ಖರೆ ಮೇಲಿನ ರೊಟ್ಟಿ ಆಕಿ ಬಡೀಲಿ. ನಿನಗ ಯಾವುದರ ಮ್ಯಾಲ ಸಂಶೆ ಬರ್ತದೋ, ಅದರ ರೊಟ್ಟಿ ನೀ ಬಡಿ.”

ಹಿಟ್ಟಿನ ಪರಾತವನ್ನು ತಂದು ಗಲ್ಲಾದ ಮೇಲೆಯೇ ಇಟ್ಟರು. ಹಿಟ್ಟು ಹಾರುತ್ತದೆಂದು ದುರಗವ್ವ ಫ್ಯಾನು ಆರಿಸಿದಳು. ಆಗ ಫೋನು ಟಿಂಗ್ ಎಂದಿತು. ‘ಅಭಿನಂದನೆಗಳು! ಮುನ್ನೂರು ಜನ, ನಾಳೆ, ಅರ್ಜೆಂಟ್!’

“ಅವ್ವಾರ, ಇದು ನೂರಕ್ಕ ನೂರು ಸುಳ್ಳರಿ!”

“ಇದ್ದೀತು. ನಾದು.”

ಅವನು ನಾದತೊಡಗಿದ. ಮೊದಲ ರೊಟ್ಟಿ ಹಂಚಿಗೆ ಬೀಳುವ ಮೊದಲೇ ಫೋನು ಮತ್ತೆ ಟಿಂಗ್ ಎಂದಿತು. ಖಾದರಬಾಷಾ ಬಗ್ಗಿ ಓದಿದ.

“ತಿದ್ದುಪಡಿ ಕಳಸ್ಯಾರಲೇ. ಮುನ್ನೂರಲ್ಲಂತ. ಆರುನೂರಂತ.”