ಗೋಡೆಗೆ ಹೊಟ್ಟೆ ಬಂತು

ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಕಬ್ಬಿಣ ಕೊರೆಯುವವನಿಗೆ ಕಲ್ಲಿನ ಮೇಲೆ ಕಲ್ಲಿಡುವುದು ಯಾವ ಮಹಾ ವಿದ್ಯೆ? ಹೈದರಾಬಾದಿನ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಲೇತ್ ಮಷೀನಿನ ಮುಂದೆ ನಿಂತ ನಾನು ಹೀಗೆ ಯೋಚಿಸಿದ್ದರಲ್ಲಿ ತಪ್ಪೇನಿತ್ತು? ತಪ್ಪು ಇತ್ತು. ಸುಮಾರು ಸೊಂಟದೆತ್ತರ!

ಆಗ ಊರಲ್ಲೆಲ್ಲ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅವಕ್ಕಾಗಿ ಒಡೆದ ಬಂಡೆಗಳ ಕಲ್ಲು ಕೇಳಿದವರಿಗೆಲ್ಲ ಸಿಗುತ್ತಿತ್ತು. ನಮ್ಮ ಮನೆಯೋ ದಿಬ್ಬದ ಮೇಲೆ. ಮಳೆ ಬಂದರೆ ನಮ್ಮ ಹಿತ್ತಿಲ ಮಣ್ಣು ಕೆಳಗಿನ ಮನೆಯ ಸರಸ್ವತಮ್ಮನವರ ಅಂಗಳಕ್ಕೆ ವಲಸೆ ಹೋಗುತ್ತಿತ್ತು. ಎರಡು ಮಳೆಗಾಲ ಸಹಿಸಿದ ಅವರು, "ಈ ಸಲವಾದರೂ ಏನಾದರೂ ಮಾಡಿ ಅಂಡಿ" ಎಂದು ತೆಲುಗಿನ ಗೌರವ ಸೇರಿಸಿಯೇ ಹೇಳಿದರು. ಹಿತ್ತಿಲಂಚಿಗೆ ಗೋಡೆ ಕಟ್ಟಲು ನಾನು ಒಂದು ಲಾರಿ ಕಲ್ಲು ತರಿಸಿದೆ.

"ಸಿಮೆಂಟ್ ಎಲ್ಲೈತ್ರಿ?" ಎಂದಳು ಹೆಂಡತಿ ಶಾಂತಾ.

"ಯಾಕ ಬೇಕು? ನಮ್ಮ ಕಲಬುರ್ಗಿ ಕಡೆ ಹೊಲದ ಒಡ್ಡಿಗೆ ಯಾರು ಸಿಮೆಂಟ್ ಹಾಕ್ತಾರ? ನೀರು ಸಂದಿನ್ಯಾಗ ಹರಿದು ಹೋಗತೈತಿ, ಗೋಡಿ ನಿಂತಿರತೈತಿ."

"ಅದನ್ನ ಕಟ್ಟಾವ್ರು ಬ್ಯಾರೇ ಇರ್ತಾರ್ರಿ."

ಈ ಅಭಿಪ್ರಾಯವನ್ನು ನಾನು ಸವಿನಯವಾಗಿ ತಿರಸ್ಕರಿಸಿದೆ.

ಮೊದಲ ಭಾನುವಾರ ಪೂರ್ತಿ ಕಲ್ಲುಗಳನ್ನು ಅಳೆದೆ. ವರ್ನಿಯರ್ ಕ್ಯಾಲಿಪರ್ಸ್ ಹಿಡಿದು! ಮುಂದಿನ ಎರಡು ಭಾನುವಾರ ಒಂದೊಂದು ಕಲ್ಲಿನ ಚಪ್ಪಟೆ ಮುಖವನ್ನೂ ಹೊರಗೆ ತಿರುಗಿಸಿ ಕಟ್ಟಿದೆ. ಗೋಡೆ ಇಸ್ತ್ರಿ ಹೊಡೆದಂತಿತ್ತು. ಹಿಂದಿನ ಖಾಲಿ ಜಾಗಕ್ಕೆ ಬುಟ್ಟಿಗಟ್ಟಲೆ ಮಣ್ಣು ಸುರಿದು, ಕಾರ್ಖಾನೆಯ ಇಬ್ಬರು ಗೆಳೆಯರನ್ನು ಚಹಾಕ್ಕೆ ಕರೆದೆ.

"ಆನಿ ನಿಂತರೂ ಅಲುಗಾಡಂಗಿಲ್ಲ" ಎಂದು ಗೋಡೆಯ ಮೇಲೆ ಒಂದು ಕಾಲು ಊರಿದೆ.

ಗೋಡೆಗೆ ಮೊದಲು ಹೊಟ್ಟೆ ಬಂತು. ಆಮೇಲೆ ಗೋಡೆಯೇ ಹೋಯಿತು!

ಗೆಳೆಯನೊಬ್ಬ ನನ್ನ ಅಂಗಿ ಹಿಡಿದು ಹಿಂದಕ್ಕೆಳೆದ. ಕಲ್ಲುಗಳು ಮಾತ್ರ ಉರುಳಿ, ಸರಸ್ವತಮ್ಮನವರು ಸಂಡಿಗೆ ಒಣಗಿಸಿದ್ದ ಮಂಚವನ್ನು ಮುರಿದು ಮಲಗಿದವು. ಅವರು ಆಗಷ್ಟೇ ನೀರು ಕುಡಿಯಲು ಒಳಗೆ ಹೋಗಿದ್ದರಂತೆ. ಹೊರಗೆ ಬಂದವರು ಮಂಚ ನೋಡಿದರು, ನನ್ನನ್ನು ನೋಡಿದರು. "ನಿಮಗೆ ಪೆಟ್ಟಾಗಲಿಲ್ಲ ತಾನೇ?" ಎಂದು ತೆಲುಗಿನಲ್ಲಿ ಕೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಶಾಂತಾ ಮಲ್ಲಮ್ಮನನ್ನು ಕರೆತಂದಳು. ಯಾದಗಿರಿ ಕಡೆಯವಳು. ಗಾಜಿನ ಕಟ್ಟಡಗಳಲ್ಲಿ ಕೂಲಿ ಮಾಡುತ್ತಿದ್ದಳು. ಊರಲ್ಲಿ ಅಪ್ಪನ ಜೊತೆ ಒಡ್ಡು ಕಟ್ಟಿದ ಕೈ. ಬಿದ್ದ ಕಲ್ಲುಗಳನ್ನು ಅವಳು ಬಹಳ ಹೊತ್ತು ನೋಡಿದಳು.

"ಇದನ್ನ ಯಾರು ಕಟ್ಟಿದ್ರಿ?"

"ನಾನೇ."

"ಕಟ್ಟಿಲ್ರಿ ಅಣ್ಣಾರ, ಮಣ್ಣಿಗೆ ಕಲ್ಲು ಒರಗಿಸಿಟ್ಟೀರಿ. ಬರೇ ಮುಖದ ಚೆಂದ ನೋಡೀರಿ. ಕಲ್ಲಿನ ಉದ್ದ ಒಳಗ ಹೋಗಬೇಕ್ರಿ. ಗೋಡಿ ಮಣ್ಣಿನ ಕಡೆ ಸ್ವಲ್ಪ ವಾಲಬೇಕು. ಹಿಂದ ಚಕ್ಕಿ ತುಂಬಬೇಕು, ಮಣ್ಣಲ್ಲ."

ಚಕ್ಕಿ ಎಂದರೆ ಕಲ್ಲಿನ ಸಣ್ಣ ಚೂರು. ಅದನ್ನು ಬುಟ್ಟಿಯಲ್ಲಿ ಹೊರುವ ಹುದ್ದೆಗೆ ನನ್ನನ್ನು ನೇಮಿಸಲಾಯಿತು. ಮಲ್ಲಮ್ಮ ಕಲ್ಲೆತ್ತಿ ಒಂದು ಸಲ ತಿರುಗಿಸಿದರೆ ಅದು ಹೇಳಿದ ಜಾಗದಲ್ಲಿ ಕೂರುತ್ತಿತ್ತು. ನಾನು ಹತ್ತು ಸಲ ತಿರುಗಿಸಿದರೆ ನನ್ನ ಬೆರಳ ಮೇಲೆ ಕೂರುತ್ತಿತ್ತು.

ಮೂರು ಭಾನುವಾರ ಬೇಡಿಕೊಂಡ ಮೇಲೆ ಗೋಡೆಯ ತುದಿಯಲ್ಲಿ ಒಂದು ಮಾರು ಜಾಗ ಬಿಟ್ಟುಕೊಟ್ಟಳು. ಕಟ್ಟಿದೆ. ಬಂದು ಒದ್ದಳು, ಬಿತ್ತು. ಮತ್ತೆ ಕಟ್ಟಿದೆ. ಮತ್ತೆ ಒದ್ದಳು. ಮೂರನೇ ಸಲ ಒದ್ದಾಗ ಬೀಳಲಿಲ್ಲ, ಅವಳು ಮುಂದಿನ ಕಲ್ಲಿಗೆ ಕೈ ಹಾಕಿದಳು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಅಷ್ಟು ದೊಡ್ಡ ಪ್ರಮೋಷನ್ ನನಗೆ ಸಿಕ್ಕಿರಲಿಲ್ಲ!

ಮಳೆ ಬಂತು. ಸಂದುಗಳಿಂದ ತಿಳಿನೀರು ಜಿನುಗಿತು, ಮಣ್ಣು ಅಲ್ಲೇ ನಿಂತಿತು. ಹೊಸ ಮಂಚ ಕೊಡುವ ನೆಪದಲ್ಲಿ ಸರಸ್ವತಮ್ಮನವರ ಅಂಗಳಕ್ಕೆ ಹೋಗಿ, ನನ್ನ ಒಂದು ಮಾರನ್ನೇ ನೋಡುತ್ತ ನಿಂತೆ. ಅವರೂ ಅದನ್ನೇ ನೋಡಿದರು.

"ಗೋಡೆ ಬಹಳ ಚೆನ್ನಾಗಿದೆ ಅಂಡಿ. ಈ ತುದಿ ಕಟ್ಟುವ ದಿನ ಪಾಪ ಮಲ್ಲಮ್ಮನಿಗೆ ಮೈ ಹುಷಾರಿರಲಿಲ್ವಾ?"

"ಹೌದಮ್ಮಾ," ಎಂದೆ. "ಭಾಳ ಜ್ವರ ಇತ್ತು."